ಗಡಿಗೆಯ ಇಪ್ಪತ್ತೆರಡು ನಿಮಿಷ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಮಿಲ್ಲಿನ ಮಾಲಕರಾದ ಶೇಖರಮ್ಮನವರೇ, ಮಸ್ಕಿಯಿಂದ ಬಿಸಿಲಿನಲ್ಲಿ ಬಂದು ಮುಖ್ಯ ಅತಿಥಿಗಳಾಗಿ ಕುಳಿತಿರುವ ಅಕ್ಕಿ ವ್ಯಾಪಾರಿ ದೊಡ್ಡಬಸಪ್ಪನವರೇ, ಸಿಂಧನೂರಿನ ಹಿರಿಯರೇ, ನನ್ನ ಜೊತೆ ದೂಳು ಕುಡಿಯುವ ಆಪರೇಟರುಗಳೇ, ಹಮಾಲರೇ, ಕಸ ಹೊಡೆಯುವ ತಾಯಂದಿರೇ, ಎಲ್ಲ ಸಭಿಕರೇ,

ನನ್ನ ಹೆಸರು ಅನಿಲಕುಮಾರ, ಮಿಲ್ಲಿನ ಪ್ರೊಡಕ್ಷನ್ ಮ್ಯಾನೇಜರ್ ಎಂದು ನಿರೂಪಕರು ಈಗಾಗಲೇ ಮೂರು ಸಲ ಹೇಳಿದ್ದಾರೆ. ಹೆಗಲಿಗೆ ಶಾಲು ಹೊದಿಸಿದ್ದೀರಿ, ತಲೆಗೆ ಪೇಟ ಸುತ್ತಿದ್ದೀರಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ನಮ್ಮೂರ ಸೆಕೆಯಲ್ಲಿ ಇಷ್ಟೆಲ್ಲ ಹೊತ್ತುಕೊಂಡು ನಿಂತವನು ಭಾಷಣ ಬೇಗ ಮುಗಿಸುತ್ತಾನೆ ಎಂದು ಸಂಘಟಕರು ಎಣಿಸಿರಬೇಕು. ಕ್ಷಮಿಸಬೇಕು, ನಾನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ. ಊಟವೂ ತಡವಾಗುತ್ತಿದೆ, ಅದಕ್ಕೂ ನಾನೇ ಕಾರಣ. ಯಾಕೆಂದು ಆಮೇಲೆ ಹೇಳುತ್ತೇನೆ.

ಈ ಸ್ಮರಣಿಕೆಯ ಮೇಲೆ ಬಂಗಾರದ ಬಣ್ಣದಲ್ಲಿ ‘೪೧ ನಿಮಿಷ’ ಎಂದು ಬರೆಸಿದ್ದೀರಿ. ಹೊರಗಿನವರಿಗೆ ಇದು ಏನೆಂದು ತಿಳಿಯಲಿಕ್ಕಿಲ್ಲ. ಮಿಲ್ಲಿನಲ್ಲಿ ಒಂದು ಬಗೆಯ ಭತ್ತ ಮುಗಿದು ಇನ್ನೊಂದು ಬಗೆಯ ಭತ್ತ ಹಾಕಬೇಕಾದರೆ ಲೈನ್ ಪೂರ್ತಿ ಖಾಲಿ ಮಾಡಬೇಕು. ಜರಡಿ ಬದಲಿಸಬೇಕು, ರಬ್ಬರ್ ರೋಲು ಬದಲಿಸಬೇಕು, ಎಲಿವೇಟರಿನ ಬುಡದ ಗುಂಡಿಗಳನ್ನು ಬಳಿದು ತೆಗೆಯಬೇಕು, ಚೀಲ ಬದಲಿಸಬೇಕು. ಇದಕ್ಕೆ ನಾವು ಲೈನ್ ಬದಲಿ ಅನ್ನುತ್ತೇವೆ. ಎರಡು ವರ್ಷದ ಹಿಂದೆ ಇದಕ್ಕೆ ನಾಲ್ಕು ತಾಸು ಹತ್ತು ನಿಮಿಷ ಹಿಡಿಯುತ್ತಿತ್ತು. ಈಗ ನಲವತ್ತೊಂದು ನಿಮಿಷ ಎಂದು ಈ ಸ್ಮರಣಿಕೆ ಹೇಳುತ್ತಿದೆ.

ನನಗೆ ಈ ಗಡಿಯಾರದ ಹುಚ್ಚು ಹುಟ್ಟಿನಿಂದ ಬಂದದ್ದು. ನನ್ನ ಮನೆಯವರು ದೀಪಾ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ, ಬೇಕಾದರೆ ಕೇಳಿ. ರೊಟ್ಟಿಯ ಹಂಚು ಇಳಿಸಿ ಸಾರಿನ ಪಾತ್ರೆ ಏರಿಸಲು ಎಷ್ಟು ಹೊತ್ತು ಬೇಕು ಎಂದು ಒಂದು ದಿನ ಅವರ ಹಿಂದೆಯೂ ವಾಚು ಹಿಡಿದು ನಿಂತಿದ್ದೆ. ಅಂದು ರಾತ್ರಿ ನನಗೆ ರೊಟ್ಟಿಯೂ ಸಿಗಲಿಲ್ಲ, ಸಾರೂ ಸಿಗಲಿಲ್ಲ.

ನನ್ನ ತಂದೆ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಬಸ್ಸು ಬಂದದ್ದು, ಬಿಟ್ಟದ್ದು ಬರೆಯುವುದು ಅವರ ಕೆಲಸ. ಹತ್ತು ನಿಮಿಷ ತಡವಾಗಿ ಬಂದ ಡ್ರೈವರು ಕಿಟಕಿಯ ಹತ್ತಿರ ಬಂದು ಚಹಾ ತರಿಸುತ್ತಿದ್ದ, ಗೋಗರೆಯುತ್ತಿದ್ದ, ಕೊನೆಗೆ ಬೈಯುತ್ತಿದ್ದ. ಅಪ್ಪ ಚಹಾ ಕುಡಿಯುತ್ತಿದ್ದರು, ಬೈಗುಳ ತಿನ್ನುತ್ತಿದ್ದರು, ಹತ್ತು ನಿಮಿಷ ತಡ ಎಂದೇ ಬರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವರ ಪಕ್ಕದ ಸ್ಟೂಲಿನ ಮೇಲೆ ಕುಳಿತು ನಾನು ಇದನ್ನು ನೋಡುತ್ತಿದ್ದೆ. ಇವತ್ತು ಅವರು ಬದುಕಿಲ್ಲ. ಬದುಕಿಲ್ಲದ್ದೇ ಒಳ್ಳೆಯದಾಯಿತು ಎಂದು ಈ ವೇದಿಕೆ ಹತ್ತುವಾಗ ಅನ್ನಿಸಿತು. ಮಗನ ಬಾಯಲ್ಲಿ ಬರಬಾರದ ಮಾತು, ಬಂದುಬಿಟ್ಟಿತು.

ಇರಲಿ. ನಾಲ್ಕು ತಾಸನ್ನು ಇಳಿಸಿದ್ದು ಯಾರು? ನಾನೇ? ನಾನು ಮಾಡಿದ್ದು ಒಂದು ಚಾರ್ಟು ಬರೆದದ್ದು. ಮೊದಲು ಮಿಷನ್ ನಿಲ್ಲಿಸಿ ಆಮೇಲೆ ಪಾನಾ ಹುಡುಕುತ್ತಿದ್ದೆವು, ಆಮೇಲೆ ಜರಡಿ ತರಲು ಗೋದಾಮಿಗೆ ಹೋಗುತ್ತಿದ್ದೆವು, ಗೋದಾಮಿನ ಕೀಲಿ ಯಾರ ಹತ್ತಿರ ಎಂದು ಆಮೇಲೆ ವಿಚಾರಿಸುತ್ತಿದ್ದೆವು. ಮಿಸ್ತ್ರಿ ಹುಸೇನಪ್ಪನವರು ಹಳೆಯ ಸೈಕಲ್ಲಿನ ಗಾಲಿ ಹಾಕಿ ಒಂದು ಬಂಡಿ ಬೆಸೆದರು. ಮುಂದಿನ ಜರಡಿ, ರೋಲು, ಚೀಲ ಎಲ್ಲ ಮಿಷನ್ ಓಡುತ್ತಿರುವಾಗಲೇ ಅದರ ಮೇಲೆ ಬಂದು ನಿಲ್ಲತೊಡಗಿದವು. ಆಪರೇಟರ್ ಜುಲ್ಫಿಕರ್ ಪಾನಾ ಇಲ್ಲದೆ ಕೈಯಿಂದಲೇ ತಿರುಗುವ ನಟ್ಟು ಹಾಕಿದ. ಒಬ್ಬನ ಕೆಲಸ ಮುಗಿಯುತ್ತಲೇ ‘ನನ್ನದಾತು, ಬರ್ರಿ’ ಎಂದು ಕೂಗು ಹಾಕುವ ರೂಢಿಯನ್ನೂ ಅವನೇ ತಂದ. ಆ ಕೂಗಿನಿಂದ ಕೂಗಿಗೆ ಕೆಲಸ ಹರಿಯುತ್ತಿತ್ತು.

ಆದರೂ ಎರಡು ತಾಸಿನ ಕೆಳಗೆ ಇಳಿಯಲಿಲ್ಲ. ಅದನ್ನು ಇಳಿಸಿದವರು ಗೊರೇಬಾಳದ ಯಮನೂರಮ್ಮ.

ಯಮನೂರಮ್ಮನವರು ಹತ್ತೊಂಬತ್ತು ವರ್ಷ ನಮ್ಮ ಮಿಲ್ಲಿನಲ್ಲಿ ಕಸ ಹೊಡೆದವರು, ಗುಂಡಿ ಬಳಿದವರು. ಒಂದು ದಿನ ಚಾರ್ಟಿನ ಮುಂದೆ ನಾವೆಲ್ಲ ತಲೆ ಕೆರೆದುಕೊಳ್ಳುತ್ತಿರುವಾಗ ಪೊರಕೆ ಹಿಡಿದು ನಿಂತಿದ್ದ ಅವರು, ‘ಸರ, ಕಡೀ ಮಿಷನ್ನು ಓಡಾಕತ್ತಿರ್ತೈತಿ, ಮೊದಲನೇದು ಖಾಲಿ ನಿಂತಿರ್ತೈತಿ. ಖಾಲಿ ಆದದ್ದನ್ನ ಬಳ್ಯಾಕ ಎಲ್ಲಾ ನಿಲ್ಲೂತನಾ ಯಾಕ ಕಾಯಬೇಕ್ರಿ?’ ಅಂದರು. ಯಾಕೆ ಕಾಯಬೇಕು? ಹತ್ತೊಂಬತ್ತು ವರ್ಷ ಯಾರೂ ಕೇಳದ ಪ್ರಶ್ನೆ. ಡಿಪ್ಲೊಮಾ ಓದಿದ ನಾನೂ ಕೇಳಿರಲಿಲ್ಲ. ಭತ್ತದ ಬಾಲದ ಹಿಂದೆಯೇ ಹೆಂಗಸರು ಗುಂಡಿ ಬಳಿಯುತ್ತ ಬಂದರು. ಒಂದೇ ಏಟಿಗೆ ಐವತ್ತೈದು ನಿಮಿಷ ಹೋಯಿತು. ಶೇಖರಮ್ಮನವರೇ, ನಿಮಗೆ ಕೊಟ್ಟ ವರದಿಯಲ್ಲಿ ಅದು ಯಾರ ಹೆಸರಿನಲ್ಲಿದೆ ಎಂದು ನಿಮಗೆ ಗೊತ್ತು. ನನ್ನ ಹೆಸರಿನಲ್ಲಿದೆ.

ನಾಚಿಕೆಯ ಮಾತು ಇದೊಂದೇ ಆಗಿದ್ದರೆ ಈ ಶಾಲು ಹೊದ್ದುಕೊಂಡು ಮನೆಗೆ ಹೋಗಿ ಮಲಗಿಬಿಡುತ್ತಿದ್ದೆ.

ನಮ್ಮ ಮಿಲ್ಲಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಲೈನ್ ಬದಲಿಯಾದ ಮೇಲೆ ಮೊದಲು ಬಂದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ಸಣ್ಣ ಗಡಿಗೆಯಲ್ಲಿ ಅನ್ನ ಮಾಡುವುದು. ಮಾಡುವವರು ಯಮನೂರಮ್ಮ. ಬೆಂದ ಅಗುಳನ್ನು ಬೆರಳಲ್ಲಿ ಹಿಸುಕಿ, ಬಾಯಿಗೆ ಹಾಕಿಕೊಂಡು, ‘ಹಳೇದ ಐತ್ರಿ, ಚೀಲ ಹೊಲೀರಿ’ ಎನ್ನಬೇಕು. ಇಲ್ಲವೇ, ‘ಹೊಸಾದು ಇನ್ನಾ ಬರಾಕತ್ತೈತಿ’ ಎನ್ನಬೇಕು. ಹಾಗೆ ಅಂದರೆ ಮೊದಲ ಚೀಲಗಳನ್ನು ಪಕ್ಕಕ್ಕೆ ಇಡುತ್ತಿದ್ದೆವು. ಇಲ್ಲಿ ಕುಳಿತ ರೈತರಿಗೂ ವ್ಯಾಪಾರಿಗಳಿಗೂ ಗೊತ್ತು, ಹಳೆ ಭತ್ತದ ಸೋನಾ ಮಸೂರಿ ಮತ್ತು ಹೊಸ ಭತ್ತದ ಸೋನಾ ಮಸೂರಿ ಕಣ್ಣಿಗೆ ಒಂದೇ. ಕಲರ್ ಸಾರ್ಟರ್ ಮಿಷನ್ನು ಕಪ್ಪು ಕಾಳು ಹಿಡಿಯುತ್ತದೆ, ಕಲ್ಲು ಹಿಡಿಯುತ್ತದೆ, ಅಕ್ಕಿಯ ವಯಸ್ಸು ಅದಕ್ಕೆ ತಿಳಿಯುವುದಿಲ್ಲ. ಅನ್ನ ಮಾಡಿದಾಗಲೇ ಒಂದು ಉದುರಾಗುತ್ತದೆ, ಇನ್ನೊಂದು ಮುದ್ದೆಯಾಗುತ್ತದೆ.

ನನಗೂ ತಿಳಿಯುವುದಿಲ್ಲ. ಹೇಳಿಬಿಡುತ್ತೇನೆ. ನಾನು ಲಿಂಗಸುಗೂರಿನ ಕಡೆಯ ಜೋಳದ ರೊಟ್ಟಿ ತಿಂದು ಬೆಳೆದವನು. ನಮ್ಮ ಮನೆಯಲ್ಲಿ ಅನ್ನ ಎಂದರೆ ರೊಟ್ಟಿ ಮುಗಿದ ಮೇಲೆ ಮಜ್ಜಿಗೆಗೆಂದು ಒಂದು ತುತ್ತು. ಕಾಲುವೆ ನೀರಿನ ಈ ಊರಿಗೆ ಬಂದು ಹನ್ನೊಂದು ವರ್ಷ ಅಕ್ಕಿ ಮಿಲ್ಲಿನಲ್ಲಿ ದುಡಿದರೂ ನನ್ನ ನಾಲಿಗೆಗೆ ಹಳೇದು, ಹೊಸದು ಗೊತ್ತಾಗಿಲ್ಲ. ಯಾರ ಹತ್ತಿರವೂ ಒಪ್ಪಿಕೊಂಡಿರಲಿಲ್ಲ. ಯಮನೂರಮ್ಮ ಅಗುಳು ಬಾಯಿಗೆ ಹಾಕಿಕೊಂಡಾಗ ನಾನೂ ನಾಲ್ಕು ಅಗುಳು ಬಾಯಿಗೆ ಹಾಕಿಕೊಂಡು ತಲೆ ಆಡಿಸುತ್ತಿದ್ದೆ. ತಿಳಿಯದ ಕೆಲಸ ದಂಡದ ಕೆಲಸ ಎಂದು ಕಾಣುವುದು ನನ್ನಂಥವರಿಗೆ ಸುಲಭ. ನನ್ನ ಚಾರ್ಟಿನಲ್ಲಿ ‘ಗಡಿಗೆ, ೨೨ ನಿಮಿಷ’ ಎಂದು ಬರೆದು ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದೆ.

ಹೋದ ವರ್ಷ ಮೇ ತಿಂಗಳು. ಬೇಸಿಗೆ ಬೆಳೆಯ ಹೊಸ ಭತ್ತ ಓಡುತ್ತಿತ್ತು. ಮದುವೆಯ ಆರ್ಡರುಗಳಿಗೆ ಹಳೆ ಭತ್ತಕ್ಕೆ ಬದಲಿಸಬೇಕಾಗಿತ್ತು. ಅಂದು ನಮ್ಮ ಲೈನ್ ಬದಲಿ ನೋಡಲು ಬೇರೆ ಮಿಲ್ಲುಗಳ ಮಾಲಕರು ಬಂದು ವಾಚು ಹಿಡಿದು ನಿಂತಿದ್ದರು. ಯಮನೂರಮ್ಮ ಗಡಿಗೆಗೆ ನೀರು ಹಾಕುತ್ತಿದ್ದರು. ನಾನು ಹತ್ತಿರ ಹೋಗಿ, ಇವತ್ತು ಗಡಿಗೆ ಇಡಬೇಡಿ ಎಂದೆ. ಅವರು, ‘ಮ್ಯಾಲಿನ ಡಬ್ಬಿ ಮೂಲ್ಯಾಗ ಹೊಸಾದು ಉಳದಿರ್ತೈತ್ರಿ ಸರ’ ಎಂದರು. ಡಬ್ಬಿ ಎಂದರೆ ಚೀಲ ತುಂಬುವ ಮೊದಲು ಅಕ್ಕಿ ಬಂದು ಬೀಳುವ ತಗಡಿನ ಪೆಟ್ಟಿಗೆ. ಸಾರ್ಟರ್ ಪಾಸ್ ಮಾಡಿದ ಮೇಲೆ ನಿಮ್ಮ ಬಾಯಿ ಯಾಕೆ ಬೇಕು ಎಂದೆ. ಹೀಗೆಯೇ ಅಂದೆ. ಜುಲ್ಫಿಕರ್ ಅಲ್ಲೇ ನಿಂತಿದ್ದ, ಹುಸೇನಪ್ಪನವರೂ ಇದ್ದರು. ಯಮನೂರಮ್ಮ ಗಡಿಗೆಯ ನೀರು ಚೆಲ್ಲಿ ಅದನ್ನು ಬೋರಲು ಹಾಕಿದರು. ವಾಚಿನಲ್ಲಿ ನಲವತ್ತೊಂದು ನಿಮಿಷ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೊದಲ ಎಂಟು ಚೀಲ ಹೋದದ್ದು ಎಲ್ಲಿಗೆ? ದೊಡ್ಡಬಸಪ್ಪನವರೇ, ನಿಮ್ಮ ಮಗಳು ಶಿವಕುಮಾರಿಯ ಮದುವೆಗೆ. ಅಡುಗೆಯವರು ಹಳೆ ಅಕ್ಕಿ ಎಂದು ನಂಬಿ ಹಳೆ ಅಕ್ಕಿಗೆ ಬೇಕಾಗುವಷ್ಟು ಜಾಸ್ತಿ ನೀರು ಹಾಕಿದರು. ಬೀಗರ ಮೊದಲ ಪಂಕ್ತಿಗೆ ಬಡಿಸಿದ್ದು ಅಂಬಲಿಯಂಥ ಅನ್ನ. ಸಾರು ಹಾಕಿದರೆ ಕಲಸಲು ಬರಲಿಲ್ಲ ಎಂದು ಕೇಳಿದ್ದೇನೆ. ನಿಮ್ಮ ಅಂಗಡಿಯ ಅಕ್ಕಿಯೇ ಇದು ಎಂದು ಯಾರೋ ನಕ್ಕರಂತೆ, ನೀವು ಆ ದಿನ ಉಣ್ಣಲಿಲ್ಲವಂತೆ.

ಮರುದಿನ ಅದೇ ಅನ್ನವನ್ನು ಊಟದ ಡಬ್ಬಿಯಲ್ಲಿ ತಂದು ನೀವು ಅಮ್ಮನವರ ಮೇಜಿನ ಮೇಲೆ ಇಟ್ಟಿರಿ. ನಾನೂ ಅಲ್ಲಿದ್ದೆ. ಗಡಿಗೆ ಇಟ್ಟಿರಲಿಲ್ಲವೇ ಎಂದು ಅಮ್ಮನವರು ಕೇಳಿದರು. ಆಗ ನಾನು ಹೇಳಿದ ಮಾತನ್ನು ಇವತ್ತು ನಿಮ್ಮೆಲ್ಲರ ಮುಂದೆ ಇನ್ನೊಮ್ಮೆ ಹೇಳುತ್ತೇನೆ. ‘ಇಲ್ರೀ ಅಮ್ಮಾ. ಅವತ್ತು ಯಮನೂರಮ್ಮ ಗಡಿಗಿ ಇಟ್ಟಿಲ್ಲ.’

ಇದರಲ್ಲಿ ಒಂದಾದರೂ ಸುಳ್ಳು ಅಕ್ಷರ ಇದೆಯೇ? ಇಲ್ಲ. ಅವರು ಇಟ್ಟಿರಲಿಲ್ಲ. ಹತ್ತು ತಿಂಗಳಿನಿಂದ ನಾನು ನನಗೆ ಇದನ್ನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಸುಳ್ಳು ಹೇಳಿಲ್ಲ, ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲವೇನೋ.

ಯಮನೂರಮ್ಮನವರನ್ನು ಅಂಗಳಕ್ಕೆ ಕರೆಸಿದರು. ಎಲ್ಲ ಕೆಲಸಗಾರರೂ ಸೇರಿದ್ದರು. ಯಾಕೆ ಇಡಲಿಲ್ಲ ಎಂದು ಅಮ್ಮನವರು ಕೇಳಿದಾಗ ಅವರು ನನ್ನ ಮುಖ ನೋಡಿದರು. ಅದು ನಾನು ಹೇಳಲಿ ಎಂದು ನನಗೆ ಬಿಟ್ಟುಕೊಟ್ಟ ಜಾಗ. ನಾನು ನನ್ನ ಕೈಗಡಿಯಾರ ನೋಡಿಕೊಂಡೆ. ನಾಳೆಯಿಂದ ಬರಬೇಡ ಎಂದು ಅಮ್ಮನವರು ಹೇಳಿದರು. ಅವರ ತಪ್ಪಿಲ್ಲ, ಅವರಿಗೆ ಅರ್ಧ ಮಾತು ತಲುಪಿತ್ತು. ಗೇಟಿನ ಹತ್ತಿರ ಯಮನೂರಮ್ಮ ನನಗಾಗಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ‘ನೀವು ಬ್ಯಾಡ ಅಂದ್ರಿ, ನಾ ಇಡಲಿಲ್ಲ. ಹೌದಲ್ರೀ ಸರ?’ ಎಂದರು. ನಾನು ಬೈಕ್ ಚಾಲೂ ಮಾಡಿದೆ.

ಅದಾದ ಮೇಲೆ ಜುಲ್ಫಿಕರ್ ‘ನನ್ನದಾತು, ಬರ್ರಿ’ ಎಂದು ಕೂಗುವುದನ್ನು ಬಿಟ್ಟ. ಹುಸೇನಪ್ಪನವರು ನನ್ನ ಜೊತೆ ಚಹಾಕ್ಕೆ ಬರುವುದನ್ನು ಬಿಟ್ಟರು. ಕೆಲಸ ಮಾಡುತ್ತಾರೆ, ಒಬ್ಬರನ್ನೊಬ್ಬರು ಕರೆಯುವುದಿಲ್ಲ. ಒಗ್ಗಟ್ಟಿನ ಕೆಲಸಕ್ಕೆ ಮಾದರಿ ಎಂದು ನಿರೂಪಕರು ಹೊಗಳುವಾಗ ಹಿಂದಿನ ಸಾಲಿನಲ್ಲಿ ಅವರಿಬ್ಬರೂ ನೆಲ ನೋಡುತ್ತಿದ್ದರು. ಅವರು ಬಾಯಿ ಬಿಡದೇ ಇದ್ದದ್ದು ನನ್ನ ಕೈಕೆಳಗಿನವರು ಎಂಬ ಕಾರಣಕ್ಕೆ. ಆ ನಾಚಿಕೆಯನ್ನೂ ಅವರ ಮೇಲೆ ಹೇರಿದವನು ನಾನೇ.

ಅಮ್ಮನವರ ಅಪ್ಪಣೆಯಂತೆ ಗಡಿಗೆ ಮತ್ತೆ ಶುರುವಾಯಿತು. ಈಗ ಗಡಿಗೆ ಇಡುವವರು ಇದ್ದಾರೆ, ಬಾಯಿಗೆ ಹಾಕಿ ಹೇಳುವವರು ಇಲ್ಲ. ಇನ್ನೊಂದು ವಿಷಯ. ನಲವತ್ತೊಂದು ಎನ್ನುವ ಅಂಕಿ ಕೆಡಬಾರದೆಂದು ನಾನು ಗಡಿಗೆ ಇಡುವ ಮೊದಲೇ ವಾಚು ನಿಲ್ಲಿಸುತ್ತೇನೆ. ಪುಸ್ತಕದಲ್ಲಿ ಬರೆದದ್ದೆಲ್ಲ ಹಾಗೆಯೇ. ನಿಜವಾದ ಸಮಯ ಅರವತ್ತಮೂರು ನಿಮಿಷ. ನಾಲ್ಕು ತಾಸಿನಿಂದ ಅರವತ್ತಮೂರು ನಿಮಿಷಕ್ಕೆ ಇಳಿಸಿದ್ದು ಸಣ್ಣ ಸಾಧನೆಯೇ? ಅದು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ.

ಕಳೆದ ಭಾನುವಾರ ಗೊರೇಬಾಳಕ್ಕೆ ಹೋದೆ. ಯಮನೂರಮ್ಮ ಯಾರದೋ ಗದ್ದೆಯಲ್ಲಿ ಕಳೆ ಕೀಳುತ್ತಿದ್ದರು. ಕೆಸರುಗಾಲಲ್ಲಿ ಬದುವಿಗೆ ಬಂದು ಮೊದಲು ಕೇಳಿದ್ದು, ಮಿಷನ್ನು ಚೆನ್ನಾಗಿ ಓಡುತ್ತಿದೆಯೇ ಎಂದು. ಈ ಸಮಾರಂಭದ ಊಟಕ್ಕೆ ನಮ್ಮ ಮಿಲ್ಲಿನದೇ ಹಳೆ ಅಕ್ಕಿ, ನೀವು ಬಂದು ನೋಡಿ ಹೇಳಬೇಕು, ಆಮೇಲೆ ಅಮ್ಮನವರ ಹತ್ತಿರ ಒಳಗೆ ಮಾತಾಡಿ ನಿಮ್ಮ ಕೆಲಸ ಕೊಡಿಸುತ್ತೇನೆ ಎಂದೆ. ಒಳಗೆ ಎಂದೆ ನೋಡಿ, ಬುದ್ಧಿ ಎಲ್ಲಿಗೆ ಹೋಗುತ್ತದೆ.

ಅವರು ಹೇಳಿದರು, ‘ನಾಕು ಮಂದಿ ಮುಂದ ನನ್ನ ಹೊರಗ ಹಾಕೀರಿ. ನಾಕು ಮಂದಿ ಮುಂದ ಹೇಳ್ರಿ. ಅದು ನನ್ನ ಕಿವಿಗೆ ಬಿದ್ದ ಮ್ಯಾಲೆ ಗಡಿಗಿಗೆ ಕೈ ಹಾಕ್ತೀನಿ.’

ಸಭಿಕರೇ, ಊಟ ತಡವಾದದ್ದು ಇದಕ್ಕೆ. ಬೆಳಿಗ್ಗೆಯಿಂದ ಯಮನೂರಮ್ಮ ಈ ಮಂಟಪದ ಹಿಂದೆ ಒಲೆಯ ಹತ್ತಿರ ಸೆರಗು ಹೊದ್ದು ನಿಂತಿದ್ದಾರೆ. ಚೀಲ ಬಿಚ್ಚಿದ್ದಾರೆ, ನೀರು ಕುದಿಯುತ್ತಿದೆ, ಸಣ್ಣ ಗಡಿಗೆಯೂ ಇದೆ. ಅಕ್ಕಿ ಹಾಕಿಲ್ಲ. ಹಿಂದಿನ ಧ್ವನಿವರ್ಧಕ ಸರಿಯಾಗಿ ಕೇಳಿಸುತ್ತದೆಯೇ ಎಂದು ನಾನೇ ಎರಡು ಸಲ ಹೋಗಿ ನೋಡಿ ಬಂದೆ.

ಯಮನೂರಮ್ಮನವರೇ, ಅವತ್ತು ಗಡಿಗೆ ಇಡಬೇಡಿ ಎಂದವನು ನಾನು. ನೀವು ಇಡಲು ಹೋಗಿದ್ದಿರಿ, ಡಬ್ಬಿಯ ಮೂಲೆಯಲ್ಲಿ ಹೊಸ ಅಕ್ಕಿ ಇದೆ ಎಂದೂ ಹೇಳಿದ್ದಿರಿ. ಗೇಟಿನ ಹತ್ತಿರ ನೀವು ಕೇಳಿದ ಪ್ರಶ್ನೆಗೆ ಉತ್ತರ, ಹೌದು. ದೊಡ್ಡಬಸಪ್ಪನವರೇ, ನಿಮ್ಮ ಮಗಳ ಮದುವೆಯ ಅನ್ನ ಕೆಡಿಸಿದವನು ಈಗಷ್ಟೇ ನಿಮ್ಮ ಕೈಯಿಂದ ಶಾಲು ಹೊದಿಸಿಕೊಂಡಿದ್ದಾನೆ. ಅಮ್ಮನವರೇ, ನನ್ನನ್ನು ಇಟ್ಟುಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು. ಅವರನ್ನು ಮಾತ್ರ ಕರೆದುಕೊಳ್ಳಿ. ಶಾಲನ್ನು ಈ ಕುರ್ಚಿಯ ಮೇಲೆ ಇಟ್ಟಿದ್ದೇನೆ. ಸ್ಮರಣಿಕೆಯ ಅಂಕಿಯನ್ನು ಅರವತ್ತಮೂರು ಎಂದು ತಿದ್ದಿಸಿ ಮಿಲ್ಲಿನ ಗೋಡೆಗೆ ಹಾಕಿ. ಅದರ ಕೆಳಗೆ ಹುಸೇನಪ್ಪ, ಜುಲ್ಫಿಕರ್, ಯಮನೂರಮ್ಮ ಎಂದು ಬರೆಸಿ.

ಇಷ್ಟು ಹೊತ್ತು ಹಸಿದು ಕುಳಿತು ಕೇಳಿದಿರಿ, ನಿಮಗೆಲ್ಲ ನಾನು ಋಣಿ. ದಯವಿಟ್ಟು ಯಾರೂ ಏಳಬೇಡಿ. ಈಗ ಮಂಟಪದ ಹಿಂದೆ ಗಡಿಗೆಗೆ ಅಕ್ಕಿ ಬಿದ್ದಿದ್ದರೆ ಇನ್ನು ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಅವರು ಬಾಯಿಗೆ ಹಾಕಿ ಸರಿ ಎಂದ ಮೇಲೆಯೇ ದೊಡ್ಡ ಪಾತ್ರೆಗೆ ಅಕ್ಕಿ, ಆಮೇಲೆ ಎಲೆ. ಅಲ್ಲಿಯವರೆಗೆ ನಾನೂ ನಿಮ್ಮ ಜೊತೆ ಕಾಯುತ್ತೇನೆ. ವಾಚು ಬಿಚ್ಚಿ ಜೇಬಿನಲ್ಲಿ ಇಟ್ಟಿದ್ದೇನೆ.

ನಮಸ್ಕಾರ.