ಗುತ್ತೂರಿನ ಕೆಂಪಿ

ದಾವಣಗೆರೆಯ ಪಶು ಆಸ್ಪತ್ರೆಯ ಬೆಂಚಿನ ಮೇಲೆ ಕಸ್ತೂರಮ್ಮ ತನ್ನ ನಾಯಿಯೊಡನೆ ಸರದಿಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಗುತ್ತೂರಿನ ಸಂತೋಷ ಒಬ್ಬನೇ ನಿಂತಿದ್ದ. ಅವನ ಅಂಗಿಯ ತೋಳಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಉಣ್ಣೆಹುಳ ಕಚ್ಚಿ ನಾಯಿಗಳಿಗೆ ಬರುವ ಜ್ವರದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಅಂಜುಮ್ ಒಳಗಿನಿಂದ ಬಂದಳು.

“ಕೆಂಪಿಯ ರಕ್ತದ ರಿಪೋರ್ಟ್ ಬಂದೈತೆ. ನಾಯಿ ಎಲ್ರಿ?”

“ಇಲ್ರಿ ಮೇಡಂ. ಅಣ್ಣ ಹೊಡೆದು ಸಾಯಿಸಿದ.”

“ಯಾಕ?”

“ಮೂಗಲ್ಲಿ ರಕ್ತ ಸುರೀತಿತ್ತು. ಹುಚ್ಚು ಹಿಡಿದೈತೆ ಅಂದ. ಸರಪಳಿ ನಾನೇ ಹಿಡ್ಕಂಡಿದ್ದೆ. ತಲೆ ಒಡೆದ್ರೂ ನನ್ ಕಡೀಗೇ ತೆವಳ್ಕೊಂಡು ಬರ್ತಿತ್ರಿ.”

“ಹುಚ್ಚಲ್ರಿ ಅದು, ಉಣ್ಣೆ ಜ್ವರ! ಮಾತ್ರೆ ಕೊಟ್ಟಿದ್ರೆ ಬದುಕ್ತಿತ್ತು.”

ಕಸ್ತೂರಮ್ಮ ತನ್ನ ನಾಯಿಯ ಕಿವಿ ಮಡಿಚಿ ಉಣ್ಣೆ ಹುಡುಕತೊಡಗಿದಳು.

“ಮೇಡಂ, ಕೆಂಪಿಯ ಮರಿಗೂ ಬೆಳಿಗ್ಗೆ ಮೂಗಲ್ಲಿ ರಕ್ತ ಬಂತು. ಅಣ್ಣ ಮನೇಲೇ ಅದಾನೆ.”

“ಫೋನ್ ಹಚ್ರಿ, ಬೇಗ!”

ಫೋನ್ ಎತ್ತಿದವಳು ಅತ್ತಿಗೆ. ಅವಳ ದನಿಗಿಂತ ಮೊದಲು ಬಾಗಿಲು ಒದೆಯುವ ಸದ್ದು ಕೇಳಿಸಿತು.

“ಮರೀನ ಒಳಗೆ ಎಳ್ಕಂಡು ಚಿಲಕ ಹಾಕೀನಪ್ಪ. ನಿಮ್ಮಣ್ಣ ಬಾಗ್ಲು ಮುರೀತಾನೆ!”

“ತೆಗೀಬ್ಯಾಡ ಅತ್ತಿಗಿ, ಬಂದೆ!”

“ನಾನೂ ಬರ್ತೀನಿ, ನಡೀರಿ,” ಎಂದಳು ಅಂಜುಮ್.

“ಅವನು ನಿಮಗೂ ಹೊಡೀತಾನ್ರಿ.”

“ಹೊಡೀಲಿ. ಬೈಕ್ ತೆಗೀರಿ.”

ಅವರಿಬ್ಬರೂ ಗೇಟಿನತ್ತ ಓಡಿದರು. ಸಂತೋಷ ಫೋನ್ ಇಟ್ಟಿರಲಿಲ್ಲ. ಮರ ಸೀಳುವ ಸದ್ದೊಂದು ಅದರಿಂದ ಬಂತು, ಆಮೇಲೆ ಹೆಂಗಸಿನ ಕೂಗು. ಬೈಕ್ ಗುತ್ತೂರಿಗೆ ಹೋಗುವ ಹರಿಹರದ ರಸ್ತೆಗೆ ನುಗ್ಗಿತು.