ತಲಿ ಎತ್ತಬಾರದು

ಇಲ್ರೀ, ಇಲ್ಲ! ಇವತ್ತ ನಿಮ್ಮ ಮುತ್ತುರಾಜ ನನ್ನ ಕಡೆ ಬಂದಽ ಇಲ್ಲ. ಬಾಗಲದಾಗ ಯಾಕ ನಿಂತ್ರಿ? ಬರ್ರಿ, ಒಳಗ ಬರ್ರಿ ಅಮೀನಪ್ಪ. ಇಳಕಲ್ಲಿಂದ ಹುನಗುಂದಕ್ಕ ಬಸ್ಸಿನ್ಯಾಗ ನಿಂತಽ ಬಂದಿರಬೇಕು, ಕುಂಡ್ರಿ. ಚಾ ಇಡಸ್ತೇನಿ... ಬ್ಯಾಡೇನು? ಬೀರಲಿಂಗಪ್ಪ ಮಾಸ್ತರ ಮನ್ಯಾಗ ಚಾ ಒಲ್ಲೆ ಅಂದವರ ಯಾರೂ ಇಲ್ಲ ನೋಡ್ರಿ.

ಹುಡುಗ ಸಂಜೀಕ ಬರ್ತಾನ ತಗೋರಿ. ಗುಡೂರಾಗ ಗೆಳ್ಯಾರ ಅದಾರಲ್ಲ, ಅಲ್ಲೆ ಹೋಗಿರಬೇಕು. ಹರೇದ ಹುಡುಗ, ಕಾಲೇಜಿಗೆ ಹೋಗಾಂವ, ಎಲ್ಲಾ ಮನ್ಯಾಗ ಹೇಳಿ ಹೋಗ್ತಾನೇನು? ಹಂಗ ನೋಡಬ್ಯಾಡ್ರಿ ಮತ್ತ. ನಾ ಪೀಟಿ ಮಾಸ್ತರ, ಕಳ್ಳ ಅಲ್ಲ!

ಭಾಳ ಚಲೋ ಈಜ್ತಾನ್ರಿ ನಿಮ್ಮ ಮಗ. ಐವತ್ತು ಮೀಟರ್ ಅಂದ್ರ ಏನ ಅಂತ ತಿಳದೀರಿ? ಕಣ್ಣ ಮುಚ್ಚಿ ತೆಗೆಯೂದ್ರಾಗ ಮುಗೀಬೇಕು. ನಮ್ಮದು ಬ್ಯಾರೆ ಜಿಲ್ಲಾ ಆಗಿ ಎರಡ ವರ್ಷಾತು, ನಮ್ಮ ಹುಡುಗೂರಿಗೆ ಈಜಾಕ ಒಂದ ಹೊಂಡ ಇಲ್ಲ. ಅದಕ್ಕ ಆ ಹಾಳಬಿದ್ದ ಗ್ರಾನೈಟ್ ಖಣಿಗೆ ಕರ್ಕೊಂಡು ಹೋಗ್ತೇನಿ. ನೀರ ತುಂಬೇತಿ, ದಂಡಿ ನೆಟ್ಟಗ ಕೊರದಾರ. ಮುಂದಿನ ವಾರ ವಿಭಾಗದ ಈಜಿನ ಪಂದ್ಯ ಐತಿ. ಗೆದ್ರ ಮುಗೀತು, ರೈಲ್ವೆದಾಗ ನೌಕರಿ!

ಇಲ್ಲೆ ನೋಡ್ರಿ, ಕೈ ಹಿಂಗ. ಬೆರಳಿನ ತುದಿ ಮೊದಲ ನೀರಾಗ ಹೋಗಬೇಕು, ಅಂಗೈ ಬಡೀಬಾರದು. ಮೊಳಕೈ ಮ್ಯಾಲ... ಮ್ಯಾಲ ಇರ್ಲಿ! ಮುಂಗೈಲೆ ನೀರ ಹಿಡದು ತೊಡಿತನಾ ಹಿಂದಕ್ಕ ದಬ್ಬೋದು. ಈ ಕೈ ಮುಗಿಯೂದ್ರಾಗ ಆ ಕೈ ಬಿತ್ತು! ನಿಮ್ಮ ಮಗ್ಗದ ಲಾಳಿ ಹಂಗ, ನಡುವ ನಿಂದ್ರಾಂಗಿಲ್ಲ. ಕಾಲು ಬಡೀತಾನಽ ಇರಬೇಕು. ಖುರ್ಚಿ ಮ್ಯಾಲ ಈಜೂ ಮಾಸ್ತರನ್ನ ನೋಡಿ ಎಲ್ಲಾರೂ ನಗ್ತಾರ... ನೀವ್ಯಾಕ ನಗವಲ್ರಿ?

ಎಲ್ಲಾ ಕಲ್ತಾನ್ರಿ, ಒಂದಽ ಖೋಡಿ. ತಲಿ! ನಮ್ಮ ಮಂದಿ ಬಾವ್ಯಾಗ ಕಲೀತಾರಲ್ಲ, ಬೆನ್ನಿಗೆ ಡಬ್ಬಿ ಕಟ್ಕೊಂಡು, ತಲಿ ಮ್ಯಾಲ ಎತ್ಕೊಂಡು. ನೀವಽ ಕಲಿಸಿದ್ರಂತ. ಆ ಚಟ ಹೋಗವಲ್ದು. ತಲಿ ಎತ್ತಿದ್ರ ಟೊಂಕ ಇಳೀತೈತಿ, ಓಟ ಸತ್ತಹೋಗ್ತೈತಿ. ಐವತ್ತು ಮೀಟರಿಗೆ ಉಸಿರ್ಯಾಕ ಬೇಕ್ರಿ? ಮಾರಿ ನೀರಾಗ, ನದರ ತಳಕ್ಕ! ಅದಕ್ಕ ನಾ ದಂಡಿಗುಂಟ ಬಿದಿರ ಗಳಾ ಹಿಡದು ನಡೀತೇನಿ. ತಲಿ ಎತ್ತಿದ ಅಂದ್ರ ಸಾವಕಾಶ ಮುಟ್ಟಸ್ತೇನಿ, ಅಷ್ಟಽ. ಇವತ್ತೂ ಹಂಗಽ, ಹೊಳ್ಳಿ ಬರಬೇಕಾದ್ರ...

ನಿನ್ನಿ. ನಿನ್ನಿ ಅಂದ್ನಿ.

ಏನ್ರಿ ಮತ್ತ! ಇವತ್ತ ಬಂದಿಲ್ಲ ಅಂತ ಹೇಳಿದ್ನಿಲ್ಲೋ? ಎಷ್ಟ ಸಲ ಹೇಳ್ಲಿ? ಮಗ ಎಲ್ಲಿ, ಮಗ ಎಲ್ಲಿ ಅಂತ ಎಷ್ಟ ಸಲ ಕೇಳ್ತೀರಿ...

ಕೇಳಿಲ್ಲ.

ನೀವು ಕೇಳಽ ಇಲ್ಲ. ಬಂದಾಗಿಂದ ಒಮ್ಮಿನೂ ಕೇಳಿಲ್ಲ, ಮಗ ಎಲ್ಲಿ ಅಂತ.

ದವಾಖಾನಿಯಿಂದ ಬಂದ್ರೇನು?... ಯಪ್ಪಾ. ನಾನಽ ಟಂಟಂ ಗಾಡ್ಯಾಗ ಹಾಕ್ಕೊಂಡು ಹೋಗಿದ್ನಿ. ಯಾರೋ ಏನೋ, ದಂಡ್ಯಾಗ ಬಿದ್ದಿದ್ದ ಅಂತ ಹೇಳಿ, ಬಾಗಲದಾಗ ಇಳಿಸಿ ಬಂದ್ನಿ. ಅಂಜಿದ್ನಿ ಅಮೀನಪ್ಪ, ಖರೆ ಹೇಳ್ತೇನಿ, ಭಾಳ ಅಂಜಿದ್ನಿ. ಚಟ ಅಂತ ತಿಳದಿದ್ನ್ರಿ, ಬಾವಿ ಚಟ! ತಲಿ ಎತ್ತಿದ, ಗಳಾದಲೆ ಒತ್ತಿದ್ನಿ. ಮತ್ತ ಎತ್ತಿದ... ಮತ್ತ ಒತ್ತಿದ್ನಿ. ಒದರ್ಲಿಲ್ರಿ ಅಂವ! ಒಂದ ಸಲಾನೂ ಒದರ್ಲಿಲ್ಲ!

ನಾ ಬಿಟ್ಟ ಬರಾಗ ಜೀವಿತ್ತು. ಬೀರಪ್ಪನ ಆಣಿ, ಇತ್ತು! ಎದಿ ಏಳ್ತಿತ್ತು, ಕೈ ಇಟ್ಟು ನೋಡೇನಿ. ಈಗ ಹ್ಯಾಂಗದಾನ? ಕಣ್ಣ ತೆಗದಾನಿಲ್ಲೋ? ಬೈರಿ ನನಗ. ಕಪಾಳಕ್ಕ ಹೊಡೀರಿ, ಪೊಲೀಸರನ್ನ ಕರೀರಿ, ಎಲ್ಲಿ ಅಂದ್ರ ಅಲ್ಲೆ ಸಹಿ ಮಾಡ್ತೇನಿ... ಅದಾನ ಅನ್ರಿ. ಮಾತ ಬ್ಯಾಡ, ಬರೇ ಹೂಂ ಅನ್ರಿ.

ಅಮೀನಪ್ಪ? ಹೂಂ ಅನ್ರಿ...