ಮ ಅಂದ್ರೆ ಮನೆ

...ಒರೆಸಬೇಡ. ಹಲಗೆ ಹಾಗೇ ಇರಲಿ, ನಿಮ್ಮ ಭಾವನೂ ನೋಡಲಿ. ರೀ, ನೀವು ಆ ಕುರ್ಚಿ ಮೇಲೆ ಕೂತ್ಕೊಳ್ಳಿ. ನಾನು ಮಾತಾಡ್ತೀನಿ.

ಏನಪ್ಪಾ ತಮ್ಮ, ಇದೇನಾ ನಿನ್ನ ಸೂತ್ರ? ಬೆ ಅಂದ್ರೆ ಬೆಳವಣಿಗೆ. ದು ಅಂದ್ರೆ ದುಡಿಮೆ. ಕ ಅಂದ್ರೆ ಕಲಿಕೆ. ದು, ಕ ಎರಡನ್ನೂ ಕೂಡು, ಮ-ದಿಂದ ಗುಣಿಸು. ಮ ಅಂದ್ರೆ ಮನೆ... ಮನೆಯವರ ಒತ್ತಾಸೆ. ಭೇಷ್. ಒಬ್ಬ ಮನುಷ್ಯ ಎಷ್ಟು ಬೆಳೀತಾನೆ ಅಂತ ಕಾಗುಣಿತದಲ್ಲೇ ಹೇಳಿಬಿಡ್ತೀಯ. ಇದಕ್ಕೇ ಅಲ್ವಾ ಕಂಪನಿ ನಿನ್ನನ್ನ ಈ ತಣ್ಣನೆ ಕೋಣೇಲಿ ಕೂರಿಸಿರೋದು? ನಗ್ತೀಯಾ? ನಗು, ನಗು.

ಇವರು ಕ್ರೇನ್ ಹತ್ತಿದ್ರೆ ಕೆಳಗಿರೋರು ತಲೆ ಎತ್ತಿ ನೋಡಲ್ಲ. ಅಷ್ಟು ನಂಬಿಕೆ. ಆ ಹೊಸ ಬಂದರಿಗೆ ಮೇಸ್ತ್ರಿಯಾಗಿ ಹೋಗೋಕೆ ಇವರಿಗಿಂತ ಯಾರಿದ್ದಾರೆ ಹೇಳು? ದುಡಿಮೆಗೆ ಪೂರ್ತಿ ಅಂಕ, ಕಲಿಕೆಗೆ ಪೂರ್ತಿ ಅಂಕ. ನೀನೇ ಹಾಕಿದ್ದೀಯ. ಆಮೇಲೆ ಮ ಸೊನ್ನೆ! ಸೊನ್ನೆಯಿಂದ ಗುಣಿಸಿದ್ಮೇಲೆ ಏನುಳೀತು, ಬೂದಿ. ಬಂದರಿಗೆ ಹೋಗೋರ ಪಟ್ಟಿಯಿಂದ ಹೆಸರು ಬಿಟ್ಟುಹೋದಾಗಿನಿಂದ ಇವರಿಗೆ ಕ್ರೇನಿನ ಏಣಿ ಮೇಲೆ ಕಾಲಿಡೋಕೂ ಅಳುಕು. ನನ್ನಲ್ಲೇ ಏನೋ ಕಮ್ಮಿ ಇದೆ ಕಣೇ ಅಂತಾರೆ. ಕಲಸಿದ ತುತ್ತು ಕೈಯಲ್ಲೇ ಒಣಗಿಹೋಗುತ್ತೆ.

ಯಾಕೋ, ನನ್ನನ್ನ ಹಾಗೆ ನೋಡ್ತೀಯ?

ಹೂಂ, ಮನೆಯವರು ಅಂದ್ರೆ ನಾನೇ. ಇನ್ಯಾರಿದ್ದಾರೆ? ಭಾವನ್ನ ಅಲ್ಲಿಗೆ ಕಳಿಸ್ತೀಯಾ ಅಂತ ನೀನು ಫೋನ್ ಮಾಡಿ ಕೇಳಿದ್ದೂ ನನ್ನನ್ನೇ. ಅವರು ಹೋಗಲಿ ಬಿಡು, ನನ್ನದೇನೂ ಅಡ್ಡಿಯಿಲ್ಲ ಅಂತ ತಾನೇ ನಾನಂದಿದ್ದು? ದೂರದ ಊರು, ಯಾವಾಗಲೋ ಒಮ್ಮೆ ಮುಖ ತೋರಿಸೋದು, ಅಲ್ಲಿ ಯಾರ ಜೊತೆ ಏನೋ... ಅವೆಲ್ಲ ಅಕ್ಕ ಅನ್ನೋಳು ತಮ್ಮನ ಹತ್ತಿರ ಆಡಿಕೊಳ್ಳೋ ಮಾತು. ಅದನ್ನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರಾ?

ತಲೆ ಯಾಕೆ ತಗ್ಗಿಸ್ತೀಯ? ಭಾವನ ಮುಂದೇನೇ ಬಾಯಿ ಬಿಡು. ಅಕ್ಕ ಒಪ್ಪಿದ್ಲು, ನಾನೇ ತಪ್ಪು ಬರೆದೆ ಅಂತ ಹೇಳು. ಒಂದು ಮಾತು, ಅಷ್ಟೇ. ಚಿಕ್ಕವನಿದ್ದಾಗ ಅಮ್ಮನ ಹತ್ತಿರ ನಿನ್ನ ಎಷ್ಟು ಸುಳ್ಳು ನಾನು ಮುಚ್ಚಿಹಾಕಿಲ್ಲ...

ಹೇಳೋ.

ಅವರನ್ನ ಯಾಕೆ ನೋಡ್ತೀಯ? ಇಲ್ಲಿ ನೋಡು, ಇಲ್ಲಿ.

ರೀ... ಯಾಕೆ ಎದ್ರಿ? ಎಲ್ಲಿಗೆ? ಕೂತ್ಕೊಳ್ಳಿ ರೀ... ಅವನು ಏನೂ ಹೇಳೇ ಇಲ್ವಲ್ಲ.